ಯುದ್ಧಕಾಲದ ಬ್ರಿಟಿಷ್ ಸಿನಿಮಾ, ಪ್ರಚಾರವೂ ಹೌದು ಕಲೆಯೂ ಹೌದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸಿನಿಮಾಗಳು ನನಗೆ ತುಂಬಾ ಇಷ್ಟ. ಈ ಮಾತು ಹೇಳಿದ ಕೂಡಲೇ ಎದುರಿಗಿದ್ದವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಒಂದು ಕಡೆ ಸೇರಿಸಿ, ನನಗೆ ತಿಳಿದಂತೆ ಉತ್ತರ ಬರೆದಿದ್ದೇನೆ.

ಯಾವ ಸಿನಿಮಾಗಳ ಬಗ್ಗೆ ಹೇಳ್ತಿದ್ದೀರಿ?

1939ರಿಂದ 1945ರವರೆಗೆ, ಯುದ್ಧ ನಡೆಯುತ್ತಿರುವಾಗಲೇ ಬ್ರಿಟನ್ನಿನಲ್ಲಿ ತಯಾರಾದವು. ಆಮೇಲೆ ಐವತ್ತರ ದಶಕದಲ್ಲಿ ಬಂದ ಯುದ್ಧದ ಸಿನಿಮಾಗಳು ಬೇರೆ. ಅವನ್ನು ಮಾಡಿದವರಿಗೆ ಗೆದ್ದಿದ್ದು ಯಾರು ಅಂತ ಗೊತ್ತಿತ್ತು. ಇಲ್ಲಿ ಹಾಗಲ್ಲ. 1941ರಲ್ಲಿ ಕ್ಯಾಮೆರಾ ಹಿಡಿದವನಿಗೆ ಮುಂದಿನ ವರ್ಷ ತನ್ನ ದೇಶ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆ ಆತಂಕ ಪ್ರತಿ ಫ್ರೇಮಿನಲ್ಲೂ ಕಾಣುತ್ತದೆ.

ಇವುಗಳಲ್ಲಿ ಎರಡು ಬಗೆ. ಒಂದು, ಸರ್ಕಾರದ್ದೇ ಆದ ಕ್ರೌನ್ ಫಿಲ್ಮ್ ಯೂನಿಟ್ ಮಾಡಿದ ಸಾಕ್ಷ್ಯಚಿತ್ರಗಳು. ಈ ಯೂನಿಟ್ಟು ಯುದ್ಧಕ್ಕೆ ಮುಂಚೆ ಅಂಚೆ ಇಲಾಖೆಯ ಸಿನಿಮಾ ವಿಭಾಗವಾಗಿತ್ತು. ಇನ್ನೊಂದು, ಈಲಿಂಗ್‌ನಂಥ ಸ್ಟುಡಿಯೋಗಳು ಮಾಡಿದ ಕಥಾಚಿತ್ರಗಳು.

ಜನ ನಿಜವಾಗಿ ನೋಡ್ತಿದ್ರಾ, ಅಥವಾ ಬಲವಂತವಾಗಿ ತೋರಿಸ್ತಿದ್ರಾ?

ನೋಡ್ತಿದ್ದರು. ಯುದ್ಧ ಘೋಷಣೆಯಾದ 1939ರ ಸೆಪ್ಟೆಂಬರ್ 3ರಂದು ಬಾಂಬ್ ಭಯಕ್ಕೆ ಥಿಯೇಟರುಗಳನ್ನೆಲ್ಲ ಮುಚ್ಚಿಸಿದರು. ಎರಡು ವಾರ ತುಂಬುವುದರೊಳಗೆ ಮತ್ತೆ ತೆರೆಯಬೇಕಾಯಿತು. ಯುದ್ಧ ಶುರುವಾದಾಗ ವಾರಕ್ಕೆ ಸುಮಾರು 1.9 ಕೋಟಿ ಟಿಕೆಟ್ ಮಾರಾಟವಾಗುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅದು 3 ಕೋಟಿ ದಾಟಿತ್ತು. ಹೊರಗೆ ಕತ್ತಲು, ರೇಷನ್, ಸೈರನ್. ಒಳಗೆ ಎರಡು ಗಂಟೆ ಬೆಳಕು, ಪಕ್ಕದಲ್ಲಿ ಜನ.

ಸರ್ಕಾರ ದುಡ್ಡು ಕೊಟ್ಟು ಮಾಡಿಸಿದ್ದು ಕಲೆ ಹೇಗಾಗುತ್ತೆ?

ಇದೇ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ನನ್ನ ಉತ್ತರ ಇಷ್ಟು: ಇವುಗಳಲ್ಲಿ ಪ್ರಚಾರವನ್ನು ಜರಡಿ ಹಿಡಿದು ಕಲೆಯನ್ನು ಬೇರೆ ಮಾಡಲಾಗುವುದಿಲ್ಲ. ಒಳ್ಳೆಯ ಚಿತ್ರಗಳಲ್ಲಿ ಪ್ರಚಾರ ಗೆದ್ದಿರುವುದೇ ಕಲೆಯಿಂದ. ಕಲೆ ಅಂದರೆ ಇಲ್ಲಿ ಮುಖ್ಯವಾಗಿ ಒಂದು ಸಂಯಮ, ಹೇಳಬೇಕಾದ್ದನ್ನು ಹೇಳದೆ ನೋಡುವವರಿಗೆ ಬಿಡುವುದು.

ಯುದ್ಧದ ಶುರುವಿನಲ್ಲಿ ಈ ಸಂಯಮ ಇರಲಿಲ್ಲ. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ 1939ರಲ್ಲಿ ‘ದ ಲಯನ್ ಹ್ಯಾಸ್ ವಿಂಗ್ಸ್’ ಅನ್ನು ಅವಸರದಲ್ಲಿ ಮಾಡಿ ಮುಗಿಸಿದರು. ನಮ್ಮ ವಾಯುಪಡೆ ಅಜೇಯ ಅಂತ ಅದು ಕೂಗಿ ಕೂಗಿ ಹೇಳುತ್ತದೆ. ಇವತ್ತು ಕೂತು ನೋಡುವುದು ಕಷ್ಟ. ಆದರೆ ಎರಡು ವರ್ಷ ಬಾಂಬ್ ತಿಂದ ಮೇಲೆ ಅದೇ ದೇಶ ಕೂಗುವುದನ್ನು ನಿಲ್ಲಿಸಿತು. ಜನಕ್ಕೆ ತಮ್ಮ ಬೀದಿಯಲ್ಲಿ ಏನಾಗ್ತಿದೆ ಅಂತ ಗೊತ್ತಿತ್ತಲ್ವಾ? ಅವರ ಮುಂದೆ ಬಡಾಯಿ ನಡೆಯುತ್ತಿರಲಿಲ್ಲ.

ಮಾಹಿತಿ ಸಚಿವಾಲಯದ ಸಿನಿಮಾ ವಿಭಾಗಕ್ಕೆ 1940ರಲ್ಲಿ ಕೆಲವು ತಿಂಗಳು ಕೆನೆತ್ ಕ್ಲಾರ್ಕ್ ಮುಖ್ಯಸ್ಥರಾಗಿದ್ದರು. ಅವರು ಕಲಾ ಇತಿಹಾಸಕಾರರು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ನಿರ್ದೇಶಕರು. ಅವರ ನಂತರ ಬಂದ ಜಾಕ್ ಬೆಡಿಂಗ್ಟನ್, ಶೆಲ್ ಕಂಪನಿಯ ಜಾಹೀರಾತಿಗೆ ಒಳ್ಳೊಳ್ಳೆ ಚಿತ್ರಕಾರರನ್ನು ಕರೆತಂದವರು. ಸೆನ್ಸಾರ್ ಇತ್ತು, ಫಿಲ್ಮ್ ರೀಲಿಗೂ ಲೆಕ್ಕ ಇತ್ತು. ಆದರೂ ಇಂಥವರು ಕುರ್ಚಿಯಲ್ಲಿ ಇದ್ದುದರಿಂದ ಪ್ರತಿಭಾವಂತರಿಗೆ ಜಾಗ ಸಿಕ್ಕಿತು.

ಒಂದೇ ಒಂದು ನೋಡುವುದಾದರೆ ಯಾವುದನ್ನು ನೋಡಲಿ?

‘ಲಿಸನ್ ಟು ಬ್ರಿಟನ್’, 1942. ಸುಮಾರು 20 ನಿಮಿಷ ಅಷ್ಟೇ. ಹಂಫ್ರಿ ಜೆನಿಂಗ್ಸ್ ಮತ್ತು ಸಂಕಲನಕಾರ ಸ್ಟೀವರ್ಟ್ ಮೆಕಾಲಿಸ್ಟರ್ ಇಬ್ಬರ ಹೆಸರೂ ಒಟ್ಟಿಗೇ ಬರುತ್ತದೆ.

ಇದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ವಿವರಣೆ ಕೊಡುವ ದನಿಯೂ ಇಲ್ಲ. ಒಂದು ದಿನದ ಶಬ್ದಗಳು ಮಾತ್ರ. ಹೊಲದ ಮೇಲೆ ಹಾರುವ ವಿಮಾನ, ಬ್ಲ್ಯಾಕ್‌ಪೂಲ್‌ನ ಡ್ಯಾನ್ಸ್ ಹಾಲಿನಲ್ಲಿ ಸಾವಿರ ಕಾಲುಗಳು, ರಾತ್ರಿ ನಿಂತ ರೈಲಿನಲ್ಲಿ ಹಾಡುವ ಕೆನಡಾದ ಸೈನಿಕರು, ಶಾಲೆಯ ಅಂಗಳದಲ್ಲಿ ಕುಣಿಯುವ ಮಕ್ಕಳು.

ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಕಾರ್ಖಾನೆಯ ಕ್ಯಾಂಟೀನು. ಊಟದ ಹೊತ್ತು. ಫ್ಲ್ಯಾನಗನ್ ಮತ್ತು ಆಲೆನ್ ಅನ್ನುವ ಹಾಸ್ಯ ಜೋಡಿ ವೇದಿಕೆ ಮೇಲೆ ಹಾಡ್ತಿದೆ. ಕೆಲಸಗಾರರು ತಟ್ಟೆ ಮುಂದಿಟ್ಟುಕೊಂಡೇ ಜೊತೆಗೆ ಶಿಳ್ಳೆ ಹಾಕುತ್ತಾರೆ. ಆ ಹಾಡು ಮುಗಿಯುವ ಸ್ವರದಲ್ಲೇ ದೃಶ್ಯ ಬದಲಾಗುತ್ತದೆ. ಈಗ ನಾವು ನ್ಯಾಷನಲ್ ಗ್ಯಾಲರಿಯಲ್ಲಿದ್ದೇವೆ. ಮೈರಾ ಹೆಸ್ ಪಿಯಾನೋ ಮೇಲೆ ಮೊಜಾರ್ಟ್ ನುಡಿಸುತ್ತಿದ್ದಾರೆ. ಗೋಡೆಯ ಮೇಲೆ ಚಿತ್ರಗಳಿಲ್ಲ, ಖಾಲಿ ಚೌಕಟ್ಟುಗಳು. ಚಿತ್ರಗಳನ್ನೆಲ್ಲ ವೇಲ್ಸ್‌ನ ಒಂದು ಕಲ್ಲುಗಣಿಯಲ್ಲಿ ಬಚ್ಚಿಟ್ಟಿದ್ದರು. ಕೇಳಲು ಕೂತವರಲ್ಲಿ ಊಟದ ಬಿಡುವಿನಲ್ಲಿ ಬಂದ ಆಫೀಸಿನ ಹುಡುಗಿಯರು, ಸೈನಿಕರು. ಅವರ ನಡುವೆ ರಾಣಿ, ರಾಣಿಯ ಪಕ್ಕ ಅದೇ ಕೆನೆತ್ ಕ್ಲಾರ್ಕ್. ಕ್ಯಾಮೆರಾ ರಾಣಿಯ ಮೇಲೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಬೇರೆಯವರ ಮುಖ ಕಂಡ ಹಾಗೆ ಅವರ ಮುಖವೂ ಒಂದು.

ಇನ್ನೊಂದು ವಿಷಯ. ಮೊಜಾರ್ಟ್ ಜರ್ಮನ್ ನುಡಿಯ ಸಂಗೀತಗಾರ, ಆಸ್ಟ್ರಿಯಾದವನು. ಲಂಡನ್ ಮೇಲೆ ಜರ್ಮನ್ ಬಾಂಬ್ ಬಿದ್ದಿದೆ, ಲಂಡನ್ನಿನವರು ಮೊಜಾರ್ಟ್ ಕೇಳ್ತಿದ್ದಾರೆ. ಸಂಗೀತದ ಮೇಲೆ ನಮಗೇನೂ ಕೋಪವಿಲ್ಲ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಮೈ ಜುಮ್ ಅನ್ನುವುದು ಇಲ್ಲೇ.

ಮಾತೇ ಇಲ್ಲ ಅಂದ್ಮೇಲೆ ಅದು ಪ್ರಚಾರ ಹೇಗೆ?

ಕ್ಯಾಂಟೀನು ಮತ್ತು ಗ್ಯಾಲರಿಯನ್ನು ಒಂದೇ ಸ್ವರದಲ್ಲಿ ಹೆಣೆದಿದ್ದೇ ಪ್ರಚಾರ. ಬಡವ ಬಲ್ಲಿದ ಎಲ್ಲ ಒಂದೇ, ನಾವೆಲ್ಲ ಒಟ್ಟಿಗೆ ಇದ್ದೇವೆ ಅನ್ನುವುದು ಅದರ ವಾದ. ನಿಜ ಜೀವನದಲ್ಲಿ ಅಷ್ಟು ಸಮಾನತೆ ಇರಲಿಲ್ಲ. ಕಾರ್ಮಿಕರ ಮುಷ್ಕರಗಳು ಯುದ್ಧದಲ್ಲೂ ನಡೆದವು. ಸಂಕಲನದ ಮೇಜಿನ ಮೇಲೆ ಆ ಬಿರುಕು ಮುಚ್ಚಿಹೋಗುತ್ತದೆ. ಇದನ್ನು ತಿಳಿದುಕೊಂಡು ನೋಡಿದರೂ ಆ ದೃಶ್ಯದ ಚೆಲುವು ಕಡಿಮೆಯಾಗಲ್ಲ. ಅದು ಎಷ್ಟು ಜಾಣತನದಿಂದ ನಮ್ಮನ್ನು ಒಪ್ಪಿಸುತ್ತದೆ ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಅಮೆರಿಕದವರಿಗೆ ಕಳಿಸುವಾಗ ಅಧಿಕಾರಿಗಳಿಗೆ ಧೈರ್ಯ ಸಾಲಲಿಲ್ಲ. ಕೆನಡಾದ ಒಬ್ಬ ವಕೀಲರನ್ನು ಕೂರಿಸಿ ಶುರುವಿನಲ್ಲಿ ಒಂದು ಭಾಷಣ ಸೇರಿಸಿದರು. ಈಗ ಸಿಗುವ ಎಷ್ಟೋ ಪ್ರತಿಗಳಲ್ಲಿ ಅದು ಇದೆ. ಅದನ್ನು ದಾಟಿಸಿ ನೇರ ಸಿನಿಮಾಕ್ಕೆ ಹೋಗಿ.

ಈ ಜೆನಿಂಗ್ಸ್ ಯಾರು?

1907ರಲ್ಲಿ ಸಫೋಕ್‌ನಲ್ಲಿ ಹುಟ್ಟಿದವರು. ಕವಿ, ಚಿತ್ರಕಾರ. ಲಂಡನ್ನಿನ 1936ರ ಸರ್ರಿಯಲಿಸ್ಟ್ (ಕನಸಿನಂಥ ವಿಚಿತ್ರ ಚಿತ್ರಗಳ ಕಲಾಪಂಥ) ಪ್ರದರ್ಶನ ನಡೆಸಿದವರಲ್ಲಿ ಒಬ್ಬರು. ಸಾಮಾನ್ಯ ಜನರ ದಿನಚರಿ, ಮಾತುಕತೆಗಳನ್ನು ಬರೆದಿಡುವ ‘ಮಾಸ್ ಅಬ್ಸರ್ವೇಶನ್’ ಅನ್ನುವ ಕೆಲಸವನ್ನು 1937ರಲ್ಲಿ ಗೆಳೆಯರ ಜೊತೆ ಶುರು ಮಾಡಿದರು. ಸಂಬಂಧವಿಲ್ಲದ ಎರಡು ವಸ್ತುಗಳನ್ನು ಅಕ್ಕಪಕ್ಕ ಇಡುವುದು ಸರ್ರಿಯಲಿಸಂನಿಂದ, ಜನಸಾಮಾನ್ಯರ ಮೇಲಿನ ಅಕ್ಕರೆ ಈ ಕೆಲಸದಿಂದ ಬಂತು. ಎರಡೂ ಸೇರಿ ಅವರ ಸಿನಿಮಾ ಆಯಿತು. 1950ರಲ್ಲಿ ಗ್ರೀಸಿನ ಪೋರೊಸ್ ದ್ವೀಪದಲ್ಲಿ ಚಿತ್ರೀಕರಣಕ್ಕೆ ಜಾಗ ಹುಡುಕುತ್ತಿದ್ದಾಗ ಬಂಡೆಯಿಂದ ಬಿದ್ದು ತೀರಿಕೊಂಡರು. ಆಗ ಅವರಿಗೆ ಬರೀ 43 ವಯಸ್ಸು. ಬ್ರಿಟಿಷ್ ಸಿನಿಮಾ ಇದುವರೆಗೆ ಕೊಟ್ಟ ಒಬ್ಬನೇ ನಿಜವಾದ ಕವಿ ಅಂತ ನಿರ್ದೇಶಕ ಲಿಂಡ್ಸೆ ಆಂಡರ್ಸನ್ 1954ರಲ್ಲಿ ಬರೆದರು.

ಬೆಂಕಿಯನ್ನು ತಾವೇ ಹಚ್ಚಿ ಶೂಟಿಂಗ್ ಮಾಡಿದ್ದರಂತೆ. ಆಗ ಅದು ಸಾಕ್ಷ್ಯಚಿತ್ರ ಹೇಗಾಯ್ತು?

‘ಫೈರ್ಸ್ ವರ್ ಸ್ಟಾರ್ಟೆಡ್’ ಬಗ್ಗೆ ಈ ಪ್ರಶ್ನೆ. 1943ರಲ್ಲಿ ಬಂತು, ಇದೂ ಜೆನಿಂಗ್ಸ್ ಅವರದ್ದೇ. ಚಿತ್ರೀಕರಣ ನಡೆದ 1942ರ ಹೊತ್ತಿಗೆ ಲಂಡನ್ ಮೇಲಿನ ದೊಡ್ಡ ದಾಳಿಗಳು ನಿಂತಿದ್ದವು. ಹಾಗಾಗಿ ಬಂದರಿನ ಹತ್ತಿರದ ಹಾಳುಬಿದ್ದ ಗೋದಾಮುಗಳಲ್ಲಿ ಬೆಂಕಿ ಹಾಕಿ ಆರಿಸಿದರು. ಆದರೆ ಆರಿಸಿದವರು ನಟರಲ್ಲ. 1940ರ ದಾಳಿಯಲ್ಲಿ ನಿಜವಾಗಿ ಪೈಪು ಹಿಡಿದ ಅಗ್ನಿಶಾಮಕರೇ ಅವರು. ತಮ್ಮ ನೆನಪನ್ನೇ ಮತ್ತೆ ಮೈಮೇಲೆ ತಂದುಕೊಂಡರು.

ನನ್ನ ನೆಚ್ಚಿನ ದೃಶ್ಯ ಬೆಂಕಿಗಿಂತ ಮುಂಚಿನದು. ಸಂಜೆ, ಸ್ಟೇಷನ್ನಿನಲ್ಲಿ ಹೊಸದಾಗಿ ಬಂದ ಬ್ಯಾರೆಟ್ ಪಿಯಾನೋ ಮುಂದೆ ಕೂರುತ್ತಾನೆ. ಒಬ್ಬೊಬ್ಬರೂ ಸಮವಸ್ತ್ರ ಹಾಕಿಕೊಂಡು ಒಳಗೆ ಬರುತ್ತಿದ್ದಂತೆ ಒಂದು ಮಕ್ಕಳ ಲೆಕ್ಕದ ಹಾಡಿಗೆ ಒಂದೊಂದು ಸಾಲು ಸೇರುತ್ತ ಹೋಗುತ್ತದೆ. ಒಬ್ಬ ಬಂದ, ಇಬ್ಬರಾದರು, ಮೂವರಾದರು. ನಗು, ತಮಾಷೆ. ಆಗ ಸೈರನ್ ಕೂಗುತ್ತದೆ. ಬ್ಯಾರೆಟ್ ಪಾತ್ರ ಮಾಡಿದ ವಿಲಿಯಂ ಸ್ಯಾನ್ಸಮ್ ಆಗ ನಿಜವಾಗಿಯೂ ಅಗ್ನಿಶಾಮಕ, ಮುಂದೆ ಹೆಸರಾಂತ ಕಥೆಗಾರರಾದರು.

ಆ ರಾತ್ರಿ ಜಾಕೋ ಅನ್ನುವವನು ಸಾಯುತ್ತಾನೆ. ಅಷ್ಟೊತ್ತಿಗೆ ಹಾಡಿನಲ್ಲಿ ಎಣಿಸಿದ ಪ್ರತಿಯೊಬ್ಬನೂ ನಮಗೆ ಪರಿಚಯವಾಗಿರುತ್ತಾನೆ. ಒಂದು ತಲೆ ಕಡಿಮೆಯಾಗಿದ್ದು ನಮಗೇ ಗೊತ್ತಾಗುತ್ತದೆ. ಶೀರ್ಷಿಕೆ ಆ ಕಾಲದ ರೇಡಿಯೋ ವಾರ್ತೆಯ ಒಣ ವಾಕ್ಯದಿಂದ ಬಂದಿದ್ದು. ನಮ್ಮಲ್ಲಿ ‘ಕೆಲವೆಡೆ ಬೆಂಕಿ ಕಾಣಿಸಿಕೊಂಡಿದೆ’ ಅಂತಾರಲ್ಲ, ಅಂಥದ್ದು. ಆ ಒಂದು ಸಾಲಿನ ಒಳಗೆ ಏನಿತ್ತು ಅಂತ ತೋರಿಸುವುದೇ ಇಡೀ ಚಿತ್ರ.

ಶತ್ರುವನ್ನು ರಾಕ್ಷಸನ ಥರ ತೋರಿಸಿಲ್ವಾ?

ತೋರಿಸಿದ್ದಾರೆ. ‘ವೆಂಟ್ ದ ಡೇ ವೆಲ್?’ (1942) ನೋಡಿ. ಬ್ರಿಟಿಷ್ ಸೈನಿಕರ ವೇಷದಲ್ಲಿ ಜರ್ಮನ್ನರು ಒಂದು ಹಳ್ಳಿಗೆ ಬರುತ್ತಾರೆ. ಅಲ್ಲಿ ಜರ್ಮನ್ನರಿಗೆ ಯಾವ ಒಳ್ಳೆಯತನವೂ ಇಲ್ಲ. ಆದರೆ ಆ ಚಿತ್ರದ ನಿಜವಾದ ಗಾಬರಿ ಹಳ್ಳಿಯವರ ಕಡೆಯಿಂದ ಬರುತ್ತದೆ. ಅಂಚೆ ಕಚೇರಿ ನಡೆಸುವ ಮಿಸೆಸ್ ಕಾಲಿನ್ಸ್, ದುಂಡಗಿನ, ಒಳ್ಳೆ ಮನಸ್ಸಿನ ಹೆಂಗಸು. ಊಟಕ್ಕೆ ಕೂತ ಜರ್ಮನ್ ಸೈನಿಕನ ಮುಖಕ್ಕೆ ಮೆಣಸಿನ ಪುಡಿ ಎರಚಿ, ಸೌದೆ ಒಡೆಯುವ ಕೊಡಲಿಯಿಂದ ಕೊಲ್ಲುತ್ತಾಳೆ. ಕೈ ನಡುಗುತ್ತದೆ. ಫೋನಿಗೆ ಓಡುತ್ತಾಳೆ. ಆ ಕಡೆ ಎಕ್ಸ್‌ಚೇಂಜಿನ ಹುಡುಗಿಯರು ಹರಟೆ ಹೊಡೀತಾ ಅವಳನ್ನು ಕಾಯಿಸುತ್ತಾರೆ. ಅಷ್ಟರಲ್ಲಿ ಇನ್ನೊಬ್ಬ ಸೈನಿಕ ಬರುತ್ತಾನೆ. ಅವರು ಕರೆ ತೆಗೆದುಕೊಳ್ಳುವ ಹೊತ್ತಿಗೆ ಅವಳಿಲ್ಲ.

ಎಚ್ಚರವಾಗಿರಿ ಅನ್ನುವ ಸರ್ಕಾರಿ ಸಂದೇಶ ಇದರಲ್ಲಿ ಸ್ಪಷ್ಟ. ಆದರೆ ಕೊಲ್ಲುವುದು ಒಳ್ಳೆಯವರನ್ನು ಏನು ಮಾಡುತ್ತದೆ ಅನ್ನುವ ಪ್ರಶ್ನೆಯನ್ನು ಯಾವ ಸಚಿವಾಲಯವೂ ಕೇಳಿ ಅಂತ ಹೇಳಿರಲಾರದು. ನಿರ್ದೇಶಕ ಆಲ್ಬರ್ಟೊ ಕ್ಯಾವಲ್ಕಾಂಟಿ ಬ್ರೆಜಿಲ್‌ನವರು. ಮೂಲ ಕಥೆ ಗ್ರಹಾಂ ಗ್ರೀನ್ ಅವರದ್ದು.

ಚರ್ಚಿಲ್ ಒಂದು ಸಿನಿಮಾವನ್ನು ನಿಲ್ಲಿಸೋಕೆ ಹೊರಟಿದ್ದು ನಿಜವಾ?

ನಿಜ. ‘ದ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’, 1943. ಮೈಕಲ್ ಪವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯದ್ದು. ಇದನ್ನು ನಿಲ್ಲಿಸಲು ಏನು ಮಾಡಬೇಕು ಅಂತ ಚರ್ಚಿಲ್ 1942ರಲ್ಲಿ ಮಾಹಿತಿ ಸಚಿವರಿಗೆ ಬರೆದರು. ಲಾರೆನ್ಸ್ ಒಲಿವಿಯರ್ ನಾಯಕರಾಗಬೇಕಿತ್ತು, ನೌಕಾದಳ ಬಿಟ್ಟುಕೊಡಲಿಲ್ಲ. ರೋಜರ್ ಲಿವ್ಸೆ ಬಂದರು. ಸಿನಿಮಾ ನಿಲ್ಲಲಿಲ್ಲ.

ಚರ್ಚಿಲ್‌ಗೆ ಕೋಪ ಬರಲು ಕಾರಣವಿತ್ತು. ಬ್ರಿಟಿಷ್ ಸೇನೆಯ ಹಳೇ ತಲೆಗಳು ಹೊಸ ಯುದ್ಧಕ್ಕೆ ಲಾಯಕ್ಕಲ್ಲ ಅಂತ ಸಿನಿಮಾ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಇದರಲ್ಲಿ ಎಲ್ಲರಿಗಿಂತ ವಿವೇಕವಂತ ಒಬ್ಬ ಜರ್ಮನ್ ಅಧಿಕಾರಿ, ಥಿಯೋ. 1902ರ ಬರ್ಲಿನ್ನಿನಲ್ಲಿ ಅವನಿಗೂ ಇಂಗ್ಲಿಷ್ ನಾಯಕನಿಗೂ ಕತ್ತಿ ಕಾಳಗ ಏರ್ಪಡುತ್ತದೆ. ನಿಯಮ ಓದುವುದು, ಅಳತೆ ನೋಡುವುದು, ತೋಳು ಮಡಿಸುವುದು, ಸಿದ್ಧತೆಯೇ ಎಷ್ಟೋ ನಿಮಿಷ. ಕತ್ತಿಗಳು ತಾಗಿದ ಕೂಡಲೇ ಕ್ಯಾಮೆರಾ ಮೇಲೇರಿ ಚಾವಣಿ ದಾಟಿ, ಹೊರಗೆ ಹಿಮ ಬೀಳುವ ರಾತ್ರಿಗೆ ಬಂದುಬಿಡುತ್ತದೆ. ಯಾರು ಗೆದ್ದರು ಅನ್ನುವುದು ಮುಖ್ಯವಲ್ಲ. ಇಬ್ಬರೂ ಆಸ್ಪತ್ರೆಯಲ್ಲಿ ಗೆಳೆಯರಾಗುತ್ತಾರೆ.

ಮುಂದೆ ಮುದುಕನಾದ ಥಿಯೋ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದು, ಅಧಿಕಾರಿಯ ಮೇಜಿನ ಮುಂದೆ ತನ್ನ ಕಥೆ ಹೇಳುತ್ತಾನೆ. ಹೆಂಡತಿ ಸತ್ತಳು, ಇಬ್ಬರು ಮಕ್ಕಳು ನಾಜಿಗಳಾದರು. ದನಿ ಏರುವುದಿಲ್ಲ. ಆ ಪಾತ್ರ ಮಾಡಿದ ಆಂಟನ್ ವಾಲ್‌ಬ್ರುಕ್ ಆಸ್ಟ್ರಿಯಾದಿಂದ ಬಂದವರು. ಮಾತು ಬರೆದ ಪ್ರೆಸ್‌ಬರ್ಗರ್ ಹಂಗೇರಿಯ ಯಹೂದಿ, ಬರ್ಲಿನ್ ಬಿಟ್ಟು ಓಡಿಬಂದವರು. ಅವರ ತಾಯಿ ನಾಜಿಗಳ ಆಶ್‌ವಿಟ್ಜ್ ಕ್ಯಾಂಪಿನಲ್ಲಿ ಸತ್ತರು. ಬಾಂಬ್ ಬೀಳುವ ದೇಶದಲ್ಲಿ ಕೂತು ಒಳ್ಳೆಯ ಜರ್ಮನ್ ಒಬ್ಬನನ್ನು ಬರೆದರು. ಅದಕ್ಕೆ ಎಂಥ ಎದೆ ಬೇಕು!

ಹೆಂಗಸರ ಕಥೆ ಇದೆಯಾ?

‘ಮಿಲಿಯನ್ಸ್ ಲೈಕ್ ಅಸ್’ (1943) ನೋಡಿ. ವಿಮಾನ ಕಾರ್ಖಾನೆಗೆ ಕಡ್ಡಾಯವಾಗಿ ಕಳಿಸಿದ ಹುಡುಗಿಯರ ಕಥೆ. ಕೊನೆಯಲ್ಲಿ ಗಂಡನನ್ನು ಕಳಕೊಂಡ ಸೀಲಿಯಾ ಕ್ಯಾಂಟೀನಿನಲ್ಲಿ ಕೂತಿದ್ದಾಳೆ. ಸುತ್ತ ಎಲ್ಲರೂ ಒಂದು ಹಳೇ ತಮಾಷೆ ಹಾಡು ಹಾಡ್ತಿದ್ದಾರೆ, ಮೇಲೆ ಬಾಂಬರ್‌ಗಳ ಸದ್ದು. ನಿಧಾನಕ್ಕೆ ಅವಳ ತುಟಿಯೂ ಅಲ್ಲಾಡುತ್ತದೆ.

‘ಮಿಸೆಸ್ ಮಿನಿವರ್’ ಇದೇ ಪಟ್ಟಿಯಲ್ಲಿ ಬರುತ್ತಾ?

ಇಲ್ಲ. ಕಥೆ ಇಂಗ್ಲೆಂಡಿನದು, ಆದರೆ ಅದು ಹಾಲಿವುಡ್‌ನ ಎಂಜಿಎಂ ಸಿನಿಮಾ.

ಈ ಸಿನಿಮಾಗಳು ಸುಳ್ಳು ಹೇಳ್ತವಾ?

ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ಬಿಟ್ಟುಬಿಡುತ್ತವೆ. ಒಲಿವಿಯರ್ ಮಾಡಿದ 1944ರ ‘ಹೆನ್ರಿ ದ ಫಿಫ್ತ್’ ಒಳ್ಳೆ ಉದಾಹರಣೆ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ರಾಜ ತನ್ನ ದ್ರೋಹಿ ಗೆಳೆಯರನ್ನು ಸಾವಿಗೆ ಕಳಿಸುತ್ತಾನೆ, ಮುತ್ತಿಗೆ ಹಾಕಿದ ಊರಿನ ಜನಕ್ಕೆ ಭೀಕರ ಬೆದರಿಕೆ ಹಾಕುತ್ತಾನೆ. ಸಿನಿಮಾದಲ್ಲಿ ಅವೆಲ್ಲ ಇಲ್ಲ. ಪ್ಯಾರಾಚೂಟ್ ಸೈನಿಕರಿಗೆ ಅರ್ಪಿಸಿದ ಚಿತ್ರಕ್ಕೆ ಕಳಂಕವಿಲ್ಲದ ರಾಜ ಬೇಕಿತ್ತು. ನಾಟಕ ಓದಿ ಸಿನಿಮಾ ನೋಡಿದರೆ ಪ್ರಚಾರದ ಕತ್ತರಿ ಎಲ್ಲಿ ಆಡಿದೆ ಅಂತ ಬೆರಳಿಟ್ಟು ತೋರಿಸಬಹುದು.

ಭಾರತದವರಾಗಿ ಇವನ್ನು ಮೆಚ್ಚಿಕೊಳ್ಳೋದು ಸರೀನಾ?

ಈ ಪ್ರಶ್ನೆ ನನ್ನನ್ನೂ ಕಾಡಿದೆ. ‘ಲಿಸನ್ ಟು ಬ್ರಿಟನ್’ ಬಂದ 1942ರಲ್ಲೇ ಕ್ವಿಟ್ ಇಂಡಿಯಾ ಚಳವಳಿ, ಸಾವಿರಾರು ಜನ ಜೈಲಿಗೆ. ‘ಫೈರ್ಸ್ ವರ್ ಸ್ಟಾರ್ಟೆಡ್’ ಬಂದ 1943ರಲ್ಲೇ ಬಂಗಾಳದ ಬರ, ಸತ್ತವರು ಸುಮಾರು 30 ಲಕ್ಷ ಅಂತ ಅಂದಾಜು. ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಮೈಸೂರು ಸಂಸ್ಥಾನದ ಆಡಳಿತವೇ ಆದರೂ ನೆರಳು ಬ್ರಿಟಿಷರದ್ದೇ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆ ಅಂತ ಆ ಸಿನಿಮಾಗಳು ಹೇಳುತ್ತವೆ. ಆ ಸ್ವಾತಂತ್ರ್ಯದಲ್ಲಿ ನಮಗೆ ಪಾಲಿರಲಿಲ್ಲ. ಬ್ರಿಟನ್ ಪರವಾಗಿ ಹೋರಾಡಿದ 25 ಲಕ್ಷ ಭಾರತೀಯ ಸೈನಿಕರಿಗೆ ಲಂಡನ್ನಿನ ಕಥಾಚಿತ್ರಗಳಲ್ಲಿ ಜಾಗ ತೀರಾ ಕಡಿಮೆ.

ಹಾಗಂತ ನೋಡದೇ ಇರಬೇಕಾ? ನಾನು ನೋಡುತ್ತೇನೆ, ಮೆಚ್ಚುತ್ತೇನೆ. ಬೆಂಕಿ ಆರಿಸಿದ ಜಾಕೋ ನನ್ನ ಶತ್ರುವಲ್ಲ. ಆದರೆ ‘ನಾವೆಲ್ಲ’ ಅಂತ ಸಿನಿಮಾ ಹೇಳಿದಾಗಲೆಲ್ಲ ಆ ‘ನಾವು’ ಯಾರು ಅಂತ ಕೇಳಿಕೊಳ್ಳುತ್ತೇನೆ. ಆ ಪ್ರಶ್ನೆಯನ್ನು ಕೊನೆಗೆ ಪವೆಲ್ ಮತ್ತು ಪ್ರೆಸ್‌ಬರ್ಗರ್ ಅವರೇ ಸ್ವಲ್ಪ ಮಟ್ಟಿಗೆ ಕೇಳಿದರು. 1946ರ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ನಲ್ಲಿ ಪರಲೋಕದ ನ್ಯಾಯಾಲಯ ಬರುತ್ತದೆ. ಇಂಗ್ಲಿಷ್ ಪೈಲಟ್‌ನ ವಿಚಾರಣೆಗೆ ಕೂತ ಜ್ಯೂರಿಯಲ್ಲಿ ಬ್ರಿಟನ್ ಮೇಲೆ ದೂರು ಇರುವ ದೇಶದವರೇ ಇದ್ದಾರೆ. ಅವರಲ್ಲಿ ಒಬ್ಬ ಭಾರತೀಯ.

ಕನ್ನಡ ನಾಡಿಗೂ ಇದಕ್ಕೂ ಏನಾದರೂ ನಂಟಿದೆಯಾ?

ಇದೆ. ಮೈಸೂರಿನ ಹತ್ತಿರದ ಕಾರಾಪುರದ ಹುಡುಗ ಸಾಬು, ಕೋರ್ಡಾ ಕಂಪನಿಯ ದೊಡ್ಡ ತಾರೆ. ಅವನ ‘ದ ಥೀಫ್ ಆಫ್ ಬಾಗ್ದಾದ್’ ಚಿತ್ರೀಕರಣ ನಡೆಯುತ್ತಿದ್ದಾಗಲೇ ಯುದ್ಧ ಬಂತು. ಕೋರ್ಡಾ ಅದನ್ನು ನಿಲ್ಲಿಸಿ, ನಾನು ಮೇಲೆ ಹೇಳಿದ ‘ದ ಲಯನ್ ಹ್ಯಾಸ್ ವಿಂಗ್ಸ್’ ಕೈಗೆತ್ತಿಕೊಂಡರು. ಬಾಗ್ದಾದ್ ಆಮೇಲೆ ಅಮೆರಿಕದಲ್ಲಿ ಮುಗಿಯಿತು. ಸಾಬು ಮುಂದೆ ಅಮೆರಿಕದ ವಾಯುಪಡೆ ಸೇರಿ ಬಾಂಬರ್‌ನಲ್ಲಿ ಗನ್ನರ್ ಆಗಿ ಹೋರಾಡಿದ.

1942ರ ‘ಇನ್ ವಿಚ್ ವಿ ಸರ್ವ್’ ಅನ್ನು ನಾಟಕಕಾರ ನೋಯೆಲ್ ಕವರ್ಡ್ ಜೊತೆ ನಿರ್ದೇಶಿಸಿದವರು ಡೇವಿಡ್ ಲೀನ್. ಅದು ಅವರು ನಿರ್ದೇಶಕರಾದ ಮೊದಲ ಸಿನಿಮಾ. ಮೌಂಟ್‌ಬ್ಯಾಟನ್ ಅವರ ಮುಳುಗಿದ ಹಡಗು ಅದಕ್ಕೆ ಸ್ಫೂರ್ತಿ. ಸಣ್ಣ ಪಾತ್ರದಲ್ಲಿ ಹೆದರಿದ ಹುಡುಗನಾಗಿ ಕಾಣಿಸುವುದು ರಿಚರ್ಡ್ ಅಟೆನ್‌ಬರೋ, ಮುಂದೆ ‘ಗಾಂಧಿ’ ಮಾಡಿದವರು. ಲೀನ್ ತಮ್ಮ ಕೊನೆಯ ಸಿನಿಮಾ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಬೆಂಗಳೂರಿಗೆ ಬಂದರು, ಗುಹೆಗಳ ದೃಶ್ಯಕ್ಕೆ ಸಾವನದುರ್ಗದ ಬಂಡೆ ಆರಿಸಿಕೊಂಡರು. ಆ ಕಾದಂಬರಿ ಬರೆದ ಇ.ಎಂ. ಫಾರ್ಸ್ಟರ್ ಅವರೇ ಜೆನಿಂಗ್ಸ್‌ನ ‘ಎ ಡೈರಿ ಫಾರ್ ತಿಮೊಥಿ’ಗೆ ಮಾತು ಬರೆದವರು.

ಇನ್ನೊಂದು ನಂಟು ಟೆಂಟ್ ಸಿನಿಮಾಕ್ಕೆ ಹೋದ ಎಲ್ಲರಿಗೂ ಗೊತ್ತು. ಮುಖ್ಯ ಚಿತ್ರಕ್ಕೆ ಮುಂಚೆ ವಾರ್ತಾಚಿತ್ರ ತೋರಿಸಲೇಬೇಕಿತ್ತು. ಆ ಕಡ್ಡಾಯ ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ತಂದಿದ್ದು. ಸ್ವಾತಂತ್ರ್ಯದ ನಂತರ ಫಿಲ್ಮ್ಸ್ ಡಿವಿಷನ್ ಅದನ್ನು ಮುಂದುವರಿಸಿತು.

ಹೇಗೆ ನೋಡಬೇಕು?

ಕಿರುಚಿತ್ರಗಳು ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಜೆನಿಂಗ್ಸ್‌ ಅವರ ಎಲ್ಲ ಚಿತ್ರಗಳನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮೂರು ಸಂಪುಟಗಳಲ್ಲಿ ತಂದಿದೆ. ‘ಬ್ಲಿಂಪ್’ ಅನ್ನು ಮಾತ್ರ ಪೂರ್ತಿ 163 ನಿಮಿಷದ ಪ್ರತಿಯಲ್ಲೇ ನೋಡಿ. ಕತ್ತರಿಸಿದ ಪ್ರತಿಗಳಲ್ಲಿ ಕಥೆಯ ಕಟ್ಟೋಣವೇ ಕೆಟ್ಟಿದೆ. ‘ಲಿಸನ್ ಟು ಬ್ರಿಟನ್’ಗೆ ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ನಾನು ಅದನ್ನು ಫ್ಯಾನ್ ಸದ್ದಿನ ನಡುವೆ ಸುಮ್ನೆ ಲ್ಯಾಪ್‌ಟಾಪಿನಲ್ಲಿ ನೋಡಿದ್ದೆ. ಏನೂ ಅನ್ನಿಸಿರಲಿಲ್ಲ. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದೆ, ಮೂರನೇ ಸಲ ನೋಡಿದೆ.

ನಿಮಗೆ ಮರೆಯಲಾಗದ್ದು ಯಾವುದು?

‘ದ ಸೈಲೆಂಟ್ ವಿಲೇಜ್’, 1943, ಮತ್ತೆ ಜೆನಿಂಗ್ಸ್. 1942ರ ಜೂನ್ 10ರಂದು ನಾಜಿಗಳು ಜೆಕ್ ದೇಶದ ಲಿಡಿತ್ಸೆ ಅನ್ನುವ ಹಳ್ಳಿಯ 173 ಗಂಡಸರನ್ನು ಗುಂಡಿಟ್ಟು ಕೊಂದು, ಹೆಂಗಸರನ್ನು ಕ್ಯಾಂಪಿಗೆ ಕಳಿಸಿ, ಊರನ್ನೇ ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ಎಷ್ಟೋ ಜನ ಗಣಿ ಕೆಲಸಗಾರರು. ಜೆನಿಂಗ್ಸ್ ವೇಲ್ಸ್‌ನ ಒಂದು ಗಣಿ ಹಳ್ಳಿಗೆ ಹೋಗಿ, ಅಲ್ಲಿನವರ ಜೊತೆಗಿದ್ದು, ಇದೇ ನಿಮ್ಮ ಊರಿನಲ್ಲಾಗಿದ್ದರೆ ಅಂತ ಕೇಳಿದರು. ಊರವರೇ ತಮ್ಮ ಪಾತ್ರ ಮಾಡಿದರು.

ಮೊದಲು ದಿನನಿತ್ಯದ ಬದುಕು: ಪ್ರಾರ್ಥನಾ ಮಂದಿರ, ಗಣಿ, ಅಡುಗೆಮನೆ. ಅವರ ವೆಲ್ಷ್ ಮಾತಿಗೆ ಎಷ್ಟೋ ಕಡೆ ಅನುವಾದವನ್ನೂ ಕೊಟ್ಟಿಲ್ಲ. ಆಮೇಲೆ ಧ್ವನಿವರ್ಧಕ ಕಟ್ಟಿದ ಒಂದು ಕಪ್ಪು ಕಾರು ಬೀದಿಗೆ ಬರುತ್ತದೆ. ಜರ್ಮನ್ನರು ಕಾಣುವುದೇ ಇಲ್ಲ ಅನ್ನುವಷ್ಟು ಕಡಿಮೆ, ದನಿ ಮಾತ್ರ. ಶಾಲೆಯಲ್ಲಿ ಇನ್ನು ವೆಲ್ಷ್ ಕಲಿಸುವಂತಿಲ್ಲ ಅನ್ನುವ ಆಜ್ಞೆ ಬರುತ್ತದೆ, ಟೀಚರ್ ಅದನ್ನು ಮಕ್ಕಳಿಗೆ ಹೇಳಬೇಕು. ಆ ಜಾಗದಲ್ಲಿ ನಾನು ಪ್ರತಿ ಸಲವೂ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಕೊನೆಗೆ ಗಂಡಸರನ್ನು ಗೋಡೆಗೆ ಸಾಲಾಗಿ ನಿಲ್ಲಿಸುತ್ತಾರೆ. ಅವರು ವೆಲ್ಷ್‌ನಲ್ಲಿ ತಮ್ಮ ನಾಡಗೀತೆ ಹಾಡುತ್ತಾರೆ. ಹಾಡ್ತಿರುವವರು ಮರುದಿನ ಬೆಳಗ್ಗೆ ಮತ್ತೆ ಗಣಿಗೆ ಇಳಿಯಬೇಕಾದವರು.